ಕುರಿ ದೋಣಿಯ ಬೆನ್ನುಹಲಗೆ

ಕರಿಸಿದ್ದಪ್ಪನವರಿಗೆ ಈಜು ಬರುವುದಿಲ್ಲ. ಮಾರಿಕಣಿವೆಯ ಹಿನ್ನೀರಿನ ದಡದಲ್ಲೇ ಹುಟ್ಟಿ ಅರವತ್ತರ ಹತ್ತಿರ ಬಂದಿದ್ದರೂ, ಅವರು ಸೊಂಟಮಟ್ಟದ ನೀರಿಗೆ ಇಳಿಯುವುದು ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯುವಾಗ ಮಾತ್ರ. ಆದರೂ ಹೊಸದುರ್ಗದ ಕಡೆಯ ದಡದಲ್ಲಿರುವ ಬೋರಪ್ಪನಹಟ್ಟಿಯಲ್ಲಿ ಸ್ವಂತ ದೋಣಿ ಇರುವುದು ಅವರೊಬ್ಬರಿಗೇ. ಮೀನುಗಾರರು ಅದನ್ನು ಕುರಿ ದೋಣಿ ಎನ್ನುತ್ತಾರೆ. ಗಾಳಿ ಅತ್ತಲಿಂದ ಬೀಸಿದರೆ ದೋಣಿ ಕಾಣುವ ಮೊದಲೇ ವಾಸನೆ ಬರುತ್ತದೆ ಎಂಬುದು ಅವರ ಹಳೆಯ ಹಾಸ್ಯ.

ದೋಣಿ ಬೇಕಾದದ್ದು ಎತ್ತಿನಗುಡ್ಡಕ್ಕಾಗಿ. ನೀರು ಕಡಿಮೆ ಇರುವ ವರ್ಷ ಅದು ಬರೀ ಗುಡ್ಡ, ಯಾರು ಬೇಕಾದರೂ ನಡೆದು ಹೋಗಬಹುದು. ನೀರು ಏರಿದ ವರ್ಷ ಸುತ್ತ ಆವರಿಸಿ ಅದು ದ್ವೀಪವಾಗುತ್ತದೆ. ದ್ವೀಪವಾದಾಗಲೇ ಕುರಿಗಾರನಿಗೆ ಅದರಿಂದ ಲಾಭ. ಅಲ್ಲಿಗೆ ತೋಳ ಬರುವುದಿಲ್ಲ, ಕಳ್ಳ ಬರುವುದಿಲ್ಲ, ಯಾರದೋ ಹೊಲಕ್ಕೆ ಕುರಿ ನುಗ್ಗಿತೆಂದು ಜಗಳವಿಲ್ಲ. ಮುಂಗಾರಿನಲ್ಲಿ ಮಂಡಿ ಎತ್ತರ ಹುಲ್ಲು ಬೆಳೆಯುತ್ತದೆ. ಕರಿಸಿದ್ದಪ್ಪನವರ ಅಣ್ಣ ಸಣ್ಣಪ್ಪ ಅಲ್ಲಿ ಕಲ್ಲು ಪೇರಿಸಿ ಒಂದು ರೊಪ್ಪ ಕಟ್ಟಿಕೊಂಡಿದ್ದಾರೆ. ರಾತ್ರಿ ಕುರಿ ಕೂಡುವ ಆ ದೊಡ್ಡಿಯ ಪಕ್ಕದಲ್ಲೇ ಗುಡಿಸಲು. ಮದುವೆಯಾಗದ ಸಣ್ಣಪ್ಪನವರಿಗೆ ಮಂದೆ ಇದ್ದ ಕಡೆಯೇ ಮನೆ. ಬೇಸಿಗೆಯಲ್ಲಿ ಬಬ್ಬೂರಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತಾರೆ, ಹಿಂಗಾರಿನಲ್ಲಿ ಹಿರೇಗುಂಟನೂರಿನ ಕಡೆ, ಮಳೆಗಾಲದಲ್ಲಿ ಗುಡ್ಡ.

ದೋಣಿಯನ್ನು ಬಿಟ್ಟುಹೋದವನು ನೀರಿನ ಆಳ ಅಳೆಯಲು ಬಂದಿದ್ದ ಒಬ್ಬ ಗುತ್ತಿಗೆದಾರ. ಕೆಲಸ ಮುಗಿದ ಮೇಲೆ ಲಾರಿಯಲ್ಲಿ ವಾಪಸು ಒಯ್ಯುವುದಕ್ಕಿಂತ ಎರಡು ಟಗರು ಪಡೆದು ಕೊಟ್ಟುಹೋಗುವುದು ಅವನಿಗೆ ಸುಲಭವಾಯಿತು. ಇದು ಫೈಬರ್, ಗೆದ್ದಲು ಹಿಡಿಯುವುದಿಲ್ಲ, ತುಕ್ಕು ತಿನ್ನುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದು ಹೇಳಿಹೋದ. ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಹೇಳದೆ ಬಿಟ್ಟದ್ದು ಒಂದೇ. ಇಂಜಿನ್ ತೂಗುಹಾಕುವ ಹಿಂದಿನ ಗೋಡೆ, ಹಟ್ಟಿಯವರು ಬೆನ್ನುಹಲಗೆ ಎನ್ನುವ ಜಾಗ, ಪೂರ್ತಿ ಫೈಬರ್ ಅಲ್ಲ. ಇಂಜಿನ್ನಿನ ಭಾರ ತಡೆಯಲು ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇಟ್ಟು ಮುಚ್ಚಿರುತ್ತಾರೆ. ಅವನಿಗೂ ಅದು ಗೊತ್ತಿತ್ತೋ ಇಲ್ಲವೋ.

ಕರಿಸಿದ್ದಪ್ಪನವರ ಮನೆಯಲ್ಲಿ ಒಂದು ಪದ್ಧತಿ ಉಂಟು. ದೀಪಾವಳಿಯ ಪಾಡ್ಯದ ದಿನ ಮನೆಯ ಹಿಂದಿನ ರೊಪ್ಪದ ಬಾಗಿಲ ಕಂಬಕ್ಕೆ ಅರಿಸಿನ ಕುಂಕುಮ ಹಚ್ಚಿ ಮನೆಯ ಹೆಂಗಸು ಒಂದು ಕಬ್ಬಿಣದ ಮೊಳೆ ಹೊಡೆಯಬೇಕು. ಅತ್ತೆ ತಿಪ್ಪಮ್ಮ ಇರುವ ತನಕ ಅವರು ಹೊಡೆಯುತ್ತಿದ್ದರು. ಅವರ ನಂತರ ಸುತ್ತಿಗೆ ಸೊಸೆ, ಕರಿಸಿದ್ದಪ್ಪನವರ ಹೆಂಡತಿ ಹುಲಿಗೆಮ್ಮನ ಕೈಗೆ ಬಂತು. ಏಕೆ ಹೊಡೆಯಬೇಕೆಂದು ಅತ್ತೆ ಹೇಳಿರಲಿಲ್ಲ, ಸೊಸೆ ಕೇಳಿರಲಿಲ್ಲ. ಮಂದೆಗೆ ದೃಷ್ಟಿ ತಾಗದಿರಲಿ ಎಂದು ಹುಲಿಗೆಮ್ಮ ತಿಳಿದುಕೊಂಡಿದ್ದರು. ದೋಣಿ ಬಂದ ವರ್ಷ ಅವರಿಗೊಂದು ಯೋಚನೆ ಬಂತು. ಕುರಿ ತುಂಬುವ ದೋಣಿಯೂ ಒಂದು ರೊಪ್ಪವೇ ತಾನೆ? ಅದಕ್ಕೂ ಮೊಳೆ ಸಲ್ಲಬೇಕು. ದೋಣಿಗೆ ಬಾಗಿಲ ಕಂಬ ಎಲ್ಲಿಂದ ತರುವುದು? ಕಂಬದ ಹಾಗೆ ನೆಟ್ಟಗೆ ನಿಂತದ್ದು ಹಿಂದಿನ ಗೋಡೆಯೊಂದೇ. ಅದರ ಒಳಮೈಗೆ, ತಳದ ಹತ್ತಿರ, ಮೊದಲ ಮೊಳೆ ಬಿತ್ತು.

ಮೊದಲ ವರ್ಷ ಮೊಳೆ ಎರಡು ಸಲ ಬಗ್ಗಿತು. ಮರುವರ್ಷವೂ ಕಷ್ಟವೇ. ನೀರು ಬತ್ತಿದ ವರ್ಷಗಳಲ್ಲಿ ದೋಣಿ ಹುಣಸೆಮರದ ಕೆಳಗೆ ಬೋರಲು ಬಿದ್ದಿದ್ದು ಕೋಳಿಗಳಿಗೆ ಗೂಡಾದಾಗಲೂ, ಹುಲಿಗೆಮ್ಮ ಅದರಡಿಗೆ ತೂರಿ ಮೊಳೆ ಹೊಡೆದು ಬಂದರು. ಈಚಿನ ವರ್ಷಗಳಲ್ಲಿ ಅದು ಸಲೀಸಾಗಿ ಇಳಿಯತೊಡಗಿತ್ತು. ಕಳೆದ ದೀಪಾವಳಿಯಲ್ಲಂತೂ ಒಂದೇ ಏಟು. ದೇವರು ಒಪ್ಪಿಕೊಂಡ ಎಂದು ಅವರು ಅಂದು ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿದ್ದರು.

ಜಲಾಶಯ ಕೋಡಿ ಬಿದ್ದ ಆ ವರ್ಷ, ಮುಂಗಾರು ಶುರುವಾದಾಗ ಯಾರೂ ಕೋಡಿಯ ಮಾತಾಡಿರಲಿಲ್ಲ. ಕೋಡಿ ಬೀಳುವುದೆಂದರೆ ಅಜ್ಜಂದಿರು ಹೇಳುತ್ತಿದ್ದ ಸುದ್ದಿ. ಬದುಕಿರುವವರಲ್ಲಿ ಅದನ್ನು ಕಂಡವರು ಸಿಗುವುದೇ ಕಷ್ಟ. ಎತ್ತಿನಗುಡ್ಡದ ರೊಪ್ಪದ ತನಕ ನೀರು ಬಂದದ್ದನ್ನು ಕರಿಸಿದ್ದಪ್ಪ ಕಂಡಿರಲಿಲ್ಲ, ಅವರಪ್ಪನೂ ಕಂಡಿರಲಿಲ್ಲ. ಆದ್ದರಿಂದ ವೇದಾವತಿ ಕೆಂಪಾಗಿ ಹರಿದು ನೀರು ದಿನಾ ಏರತೊಡಗಿದಾಗ, ನೀರು ತಗ್ಗಿದ್ದಾಗಲೇ ಮಂದೆ ನಡೆಸಿಕೊಂಡು ಹೋಗಿದ್ದ ಸಣ್ಣಪ್ಪ, ಕುರಿ ಕರೆತರಲು ದೋಣಿ ತಾ ಎಂದು ಗುಡ್ಡದಿಂದ ಫೋನು ಮಾಡಿದರೆ ತಮ್ಮ ಗಾಬರಿಪಡಲಿಲ್ಲ. ಮಳೆ ಒಂದು ಬಿಡುವು ಕೊಡಲಿ, ನಾಳೆ ನೋಡಾಣ ಎಂದರು. ಮರುದಿನವೂ ಅದೇ ಮಾತು.

ಮಘೆ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಕೊನೆಗೂ ಇಂಜಿನ್ ಹೊತ್ತು ತಂದು ದೋಣಿಗೆ ಬಿಗಿದರು. ದಡ ಬಿಟ್ಟು ಸ್ವಲ್ಪ ದೂರ ಹೋಗಿ ವೇಗ ಕೊಟ್ಟಾಗ ಬೆನ್ನ ಹಿಂದೆ ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ತಿರುಗಿದರೆ ಇಂಜಿನ್ ಹಿಂದಕ್ಕೆ ವಾಲಿತ್ತು. ಹಿಂದಿನ ಗೋಡೆ ಹಪ್ಪಳದ ಹಾಗೆ ಬಾಗುತ್ತಿತ್ತು. ಬೋಲ್ಟುಗಳ ಸುತ್ತಲಿಂದ ಕಪ್ಪು ನೀರು ಒಸರುತ್ತಿತ್ತು. ಇಂಜಿನ್ ನಿಲ್ಲಿಸಿ, ಅದು ಬೀಳದಂತೆ ಒಂದು ಕೈಯಲ್ಲಿ ಅಪ್ಪಿ ಹಿಡಿದು, ಇನ್ನೊಂದು ಕೈಯಲ್ಲಿ ಹುಟ್ಟು ಹಾಕುತ್ತ ಈಜು ಬಾರದ ಮನುಷ್ಯ ದಡ ಸೇರಿದರು. ಆಮೇಲೆ ಎಷ್ಟೋ ಹೊತ್ತು ಕೆಸರಿನಲ್ಲೇ ಕುಳಿತಿದ್ದರು ಎಂದು ಹುಲಿಗೆಮ್ಮ ಹೇಳುತ್ತಾರೆ.

ಬೇರೆ ದಾರಿಗಳನ್ನೂ ನೋಡಿದ್ದಾಯಿತು. ಎದುರುಗಾಳಿಯಲ್ಲಿ ಕುರಿ ತುಂಬಿದ ದೋಣಿಯನ್ನು ಹುಟ್ಟು ಹಾಕಿ ತರುವುದು ಆಗದ ಮಾತು. ಮೀನುಗಾರರ ತೆಪ್ಪಗಳಿದ್ದವು, ಆದರೆ ಅವುಗಳ ತಳಕ್ಕಿರುವುದು ತಾಡಪಾಲು. ಕುರಿಯ ಗೊರಸು ತಾಗಿದರೆ ಹರಿಯುತ್ತದೆ. ಸಣ್ಣಪ್ಪನವರೊಬ್ಬರನ್ನಾದರೆ ಕರೆತರುತ್ತೇವೆ ಎಂದು ಅವರು ಹೋದರು. ಸಣ್ಣಪ್ಪ ಅವರಿಗೆ ಚಹಾ ಕಾಸಿ ಕೊಟ್ಟು, ಎರಡು ಸೇರು ರಾಗಿಹಿಟ್ಟು ಇಸಿದುಕೊಂಡು ಕಳಿಸಿದರು. ಕುರಿ ಬಿಟ್ಟು ಬರುವ ವಿಚಾರ ಅವರಲ್ಲಿರಲಿಲ್ಲ. ಇನ್ನು ಉಳಿದದ್ದು ದೋಣಿಯ ಬೆನ್ನು ಸರಿಮಾಡುವುದೊಂದೇ.

ಹಿರಿಯೂರಿನಲ್ಲಿ ಲಾರಿಗಳ ಒಡೆದ ಫೈಬರ್ ಬಂಪರ್, ನೀರಿನ ಟ್ಯಾಂಕು ಜೋಡಿಸುವ ಉಗ್ರಪ್ಪ ಎಂಬವರ ಹೆಸರನ್ನು ಯಾರೋ ಹೇಳಿದರು. ಅವರು ದೋಣಿ ಮುಟ್ಟಿದವರಲ್ಲ. ಸಾಮಾನು ಹೇರಿಕೊಂಡು ಗೂಡ್ಸ್ ಆಟೊದಲ್ಲಿ ಬಂದವರು ಮೊದಲು ಸುತ್ತಿಗೆಯ ಹಿಡಿಯಿಂದ ಬೆನ್ನುಹಲಗೆಯನ್ನು ಅಲ್ಲಲ್ಲಿ ಬಡಿದು ಕಿವಿಗೊಟ್ಟರು. ಅಂಚಿನಲ್ಲಿ ಟಣ್ ಎಂದಿತು. ನಡುವೆ ಒದ್ದೆ ಗೋಣಿಚೀಲ ಬಡಿದ ಹಾಗೆ ದಬ್ ಎಂದಿತು. ಬಡಿದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದರು. ದಬ್ ಎಂದ ಜಾಗವೇ ಹೆಚ್ಚಿತ್ತು.

ಒಳಪದರವನ್ನು ಗ್ರೈಂಡರಿನಿಂದ ಚೌಕವಾಗಿ ಕೊಯ್ದು ತೆಗೆದಾಗ ಪ್ಲೈವುಡ್ ಎಂಬುದು ಅಲ್ಲಿರಲಿಲ್ಲ. ಕಪ್ಪಗೆ ಕೊಳೆತ, ಹಿಂಡಿದರೆ ನೀರು ಸುರಿಯುವ, ಕುರಿಗಂಜಲದ ನಾತ ಹೊಡೆಯುವ ಮುದ್ದೆ ಇತ್ತು. ಉಗ್ರಪ್ಪ ಉಳಿ ಬಿಟ್ಟು ಕೈಯಿಂದಲೇ ಬಾಚಿ ಬುಟ್ಟಿಗೆ ಹಾಕಿದರು. ಬಾಚುವಾಗ ಬೆರಳಿಗೆ ಚುಚ್ಚಿತು. ಮೊಳೆ. ಅದರ ಮೇಲೆ ಇನ್ನೊಂದು. ತುಕ್ಕು ತಿಂದು ಸೂಜಿಯಂತಾದವು, ಅರ್ಧ ಉಳಿದವು, ಹೊಸದಾಗಿ ಹೊಳೆಯುವುದು ಒಂದು, ಸಾಲಾಗಿ.

"ಇದಕ್ಯಾರಕ್ಕ ಇಷ್ಟು ಮೊಳೆ ಹೊಡ್ದಿದ್ದು? ನೀರು ಒಳಗೆ ಹೋಗಾಕೆ ದಾರಿ ಮಾಡಿಕೊಟ್ಟಂಗಾತಲ್ಲ," ಎಂದರು ಉಗ್ರಪ್ಪ.

ಹುಲಿಗೆಮ್ಮ ಚಹಾ ಲೋಟ ಹಿಡಿದು ಅಲ್ಲೇ ನಿಂತಿದ್ದರು. "ನಾನೇಯಪ್ಪ," ಎಂದರು. ಲೋಟ ಕೆಳಗಿಟ್ಟು, ಮೊಳೆಗಳನ್ನು ಒಂದೊಂದಾಗಿ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡರು. ಆ ದಿನ ಅವರು ಊಟ ಮಾಡಲಿಲ್ಲ. ಕರಿಸಿದ್ದಪ್ಪ ಹೆಂಡತಿಯನ್ನು ಬಯ್ಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಎರಡಕ್ಕೂ ತ್ರಾಣ ಬೇಕಿತ್ತು.

ಹಿರಿಯೂರಿನ ಅಂಗಡಿಗಳಲ್ಲಿದ್ದ ಪ್ಲೈವುಡ್ ಬೀರು, ಬಾಗಿಲಿಗೆ ಆಗುವಂಥದು. ನೀರು ತಡೆಯುವ ಜಾತಿಯದಕ್ಕೆ ಕರಿಸಿದ್ದಪ್ಪ ಚಿತ್ರದುರ್ಗಕ್ಕೆ ಹೋಗಿ, ಈರುಳ್ಳಿ ಇಳಿಸಿ ಬರುತ್ತಿದ್ದ ಖಾಲಿ ಗಾಡಿಯಲ್ಲಿ ಹಲಗೆಯ ಮೇಲೆ ತಾವೇ ಮಲಗಿ, ಮಳೆಗೆ ಅದು ನೆನೆಯದಂತೆ ಕಂಬಳಿ ಹೊದಿಸಿ ತಂದರು. ತಾವು ನೆನೆದರು. ಆಮೇಲೆ ಶುರುವಾದದ್ದು ಒಣಗಿಸುವ ಕೆಲಸ. ಒಳಗೆ ಹಸಿ ಉಳಿದರೆ ಹೊಸ ಹಲಗೆಯೂ ಅಂಟುವುದಿಲ್ಲ. ದೋಣಿಯ ಮೇಲೆ ತಗಡು ಕಟ್ಟಿ, ಕಬ್ಬಿಣದ ಬಾಣಲೆಯಲ್ಲಿ ಕೆಂಡ ಹಾಕಿ, ಹುಲಿಗೆಮ್ಮ ಮೊರದಿಂದ ಬೀಸಿ ಬಿಸಿಗಾಳಿಯನ್ನು ಆ ಪೊಳ್ಳಿಗೆ ನೂಕಿದರು. ಮಳೆ ನಿಂತಾಗ ತಗಡು ತೆಗೆಯುವುದು, ಬಂದಾಗ ಮುಚ್ಚುವುದು. ಬಾಣಂತಿ ಕೋಣೆಗೂ ಇಷ್ಟು ಕೆಂಡ ಹಾಕಿರಲಿಲ್ಲ ಎಂದು ಪಕ್ಕದ ಮನೆಯ ಬರಗೇರಮ್ಮ ಇಣುಕಿ ಹೇಳಿಹೋದರು.

ಉಗ್ರಪ್ಪ ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದರಂತೆ ಹಲಗೆಯನ್ನು ಎರಡು ತುಂಡು ಕೊಯ್ದರು. ಬೆಂಕಿಯನ್ನು ದೂರ ಒಯ್ಯಿಸಿದ ಮೇಲೆ ರೆಸಿನ್ ಕಲಸಿದರು. ಲಾರಿ ಕೆಲಸದವರ ಬಾಯಲ್ಲಿ ಅದು ಗಮ್ಮು. ಹಲಗೆಯ ಅಂಚಿಗೆಲ್ಲ ಅದನ್ನು ಕುಡಿಸಿ, ಒಂದರ ಮೇಲೊಂದು ಅಂಟಿಸಿ, ಬೋಲ್ಟು ಹಾಕಿ ಬಿಗಿದು, ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಗಮ್ಮಿನಲ್ಲಿ ಅದ್ದಿ ಪದರ ಪದರವಾಗಿ ಹಚ್ಚಿದರು. ಬಿಸಿಲಿದ್ದರೆ ಸಂಜೆಯೊಳಗೆ ಕಲ್ಲಾಗುವ ವಸ್ತು ಅದು. ಆ ತಂಡಿಯಲ್ಲಿ ಮರುದಿನವೂ ಬೆರಳಿಗೆ ಅಂಟುತ್ತಿತ್ತು. ಉಗುರು ಒತ್ತಿ ನೋಡ್ರಿ, ಗುರುತು ಬೀಳೋದು ನಿಲ್ಲೋ ತನಕ ಇಂಜಿನ್ ಕಟ್ಟಬ್ಯಾಡ್ರಿ ಎಂದು ಹೇಳಿ ಉಗ್ರಪ್ಪ ಹುಣಸೆಮರದ ಕಟ್ಟೆಯ ಮೇಲೆ ಮಲಗಿದರು. ಅವರೂ ದಣಿದಿದ್ದರು.

ಕರಿಸಿದ್ದಪ್ಪ ಗಳಿಗೆಗೊಮ್ಮೆ ಹೋಗಿ ಹೆಬ್ಬೆರಳಿನ ಉಗುರು ಒತ್ತುತ್ತಿದ್ದರು. ಪ್ರತಿ ಸಲವೂ ಅರ್ಧಚಂದ್ರ ಮೂಡುತ್ತಿತ್ತು.

ಅಂದು ಸಂಜೆಗೆ ಮುಂಚೆ ಸಣ್ಣಪ್ಪನವರ ಫೋನು ಬಂತು. ಬ್ಯಾಟರಿ ಉಳಿಸಲು ಅವರು ದಿನಕ್ಕೊಮ್ಮೆ ಮಾತ್ರ ಅದನ್ನು ಹಚ್ಚುತ್ತಿದ್ದರು. ರೊಪ್ಪದ ಕೆಳಗಿನ ಗೋಡೆಗೆ ನೀರು ತಾಗಿದೆ, ಕುರಿಗಳನ್ನು ನೆತ್ತಿಯ ಬಂಡೆಗೆ ಹತ್ತಿಸಿದ್ದೇನೆ, ಅಲ್ಲಿ ಹುಲ್ಲಿಲ್ಲ, ಮರೆಯಿಲ್ಲ, ಮರಿಗಳು ನಡುಗುತ್ತಿವೆ ಎಂದರು. ಕರಿಸಿದ್ದಪ್ಪ ಹುಲಿಗೆಮ್ಮನಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿದ್ದರು.

"ಈಗಲೇ ಇಂಜಿನ್ ಕಟ್ಕೊಂಡು ಬಂದುಬಿಡ್ತೀನಣ್ಣ," ಎಂದರು.

"ಗಮ್ಮು ಆರೈತಾ?"

"ಇನ್ನೂ ಉಗುರು ಇಳೀತೈತೆ."

"ಮತ್ತೆ? ನಡುನೀರಾಗೆ ಬೆನ್ನು ಕಿತ್ಕೊಂಡು ಬಂದ್ರೆ ನೀನು ಹೋಗ್ತೀಯ, ದೋಣೀನೂ ಹೋಗ್ತತೆ. ಆಮ್ಯಾಲೆ ಕುರಿ ತರಾಕೆ ನಮ್ಮಪ್ಪ ಬರ್ತಾನಾ? ಸುಮ್ಕಿರು. ನಾಳೆ ಬಾ." ಆಮೇಲೆ, "ಲೇ ಸಿದ್ದ, ಫೈಬರ್ ದೋಣಿ ಹೆಂಗಲೇ ಕೊಳೀತು?" ಎಂದು ಕೇಳಿದರು.

ಕರಿಸಿದ್ದಪ್ಪ ಹೆಂಡತಿಯ ಮುಖ ನೋಡಿದರು. ಹುಲಿಗೆಮ್ಮನೇ ಫೋನಿನ ಹತ್ತಿರ ಬಾಗಿ ಹೇಳಿದರು. ಹಬ್ಬದ ಮೊಳೆಯನ್ನು ದೋಣಿಗೂ ಹೊಡೆಯುತ್ತಿದ್ದದ್ದು, ಒಳಗೆ ಮರ ಇರುವುದು ಗೊತ್ತಿಲ್ಲದ್ದು, ಎಲ್ಲವನ್ನೂ. ಮಂದೆಗೆ ಒಳ್ಳೇದಾಗಲಿ ಅಂತ ಹೊಡೆದೆ, ಅದೇ ಮಂದೆಗೆ ಮುಳುವಾಯಿತು ಬಾವ, ಎಂದರು.

ಅತ್ತ ಕಡೆಯಿಂದ ಸಣ್ಣಪ್ಪ ಗಾಳಿಯ ಸದ್ದಿಗಿಂತ ಜೋರಾಗಿ ಕೇಳಿದರು.

"ಮೊಳೆ ಹೆಂಗೆ ಇಳೀತಿತ್ತು ಹುಲಿಗವ್ವ?"

"ಮೊದಮೊದಲು ಬಗ್ತಿತ್ತು. ಈಗ ಮೂರ್ನಾಕು ವರ್ಷದಿಂದ ಬೆಣ್ಣೆಗೆ ಹೊಡೆದಂಗೆ."

"ಅವ್ವ ನಿನಗೆ ಹೇಳಲಿಲ್ಲೇನು?" ಎಂದರು ಸಣ್ಣಪ್ಪ. "ಮೊಳೆ ಹೊಡೆಯಾದೇ ಅದಕ್ಕೆ ಕಣವ್ವ. ಬಗ್ಗಿದ್ರೆ ಕಂಬ ಗಟ್ಟಿ ಐತೆ ಅಂತ. ಸಲೀಸಾಗಿ ಇಳಿದ್ರೆ ಒಳಗೆ ಕೊಳೆತೈತೆ, ಕಂಬ ಬದಲಾಯಿಸು ಅಂತ. ಅವ್ವ ಹೊಡೆದ ಮರುದಿನ ಅಪ್ಪ ಕಂಬ ಕೀಳಾಕೆ ಹಾರೆ ತಗಂತಿದ್ದ, ಇಲ್ಲಾ ಮಲಗ್ತಿದ್ದ." ಆಮೇಲೆ, "ನಾನು ಒಂದು ಹಬ್ಬಕ್ಕಾದ್ರೂ ಮನ್ಯಾಗೆ ಇದ್ದಿದ್ರೆ ಹೇಳ್ತಿದ್ದೆ," ಎಂದು ಫೋನು ಆರಿಸಿದರು.

ಹುಲಿಗೆಮ್ಮ ಸೆರಗಿನ ಗಂಟು ಬಿಚ್ಚಿ ಮೊಳೆಗಳನ್ನು ಅಂಗೈ ಮೇಲೆ ಹರಡಿಕೊಂಡು ನೋಡಿದರು. ಒಂದೇ ಏಟಿಗೆ ಇಳಿದದ್ದು ಯಾವುದೆಂದು ಗುರುತಿಸುವುದು ಕಷ್ಟವಿರಲಿಲ್ಲ. ಅದೊಂದೇ ತುಕ್ಕಿಲ್ಲದೆ ನೆಟ್ಟಗಿತ್ತು, ತಲೆಯ ಮೇಲೆ ಸುತ್ತಿಗೆಯ ಗಾಯವೂ ಸರಿಯಾಗಿ ಇರಲಿಲ್ಲ. ಎದ್ದು ಹೋಗಿ ಬಾಣಲೆಗೆ ಹೊಸ ಕೆಂಡ ಹಾಕಿದರು. ಗಮ್ಮಿಗೆ ತಾಗದಷ್ಟು ದೂರದಲ್ಲಿಟ್ಟು ಮತ್ತೆ ಮೊರ ಬೀಸತೊಡಗಿದರು.

ಮರುದಿನ ಬೆಳಿಗ್ಗೆ ಉಗುರಿನ ಗುರುತು ಬಹಳ ಮಸುಕಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬೀಳಲೇ ಇಲ್ಲ. ಉಗ್ರಪ್ಪ ಸುತ್ತಿಗೆಯ ಹಿಡಿಯಿಂದ ಬಡಿದು, ತಲೆಯಾಡಿಸಿ, ಬೋಲ್ಟಿನ ತೂತುಗಳ ಒಳಮೈಗೂ ಗಮ್ಮು ಹಚ್ಚಿ ಇಂಜಿನ್ ಬಿಗಿದರು. ಜೋರು ಬೇಡ, ನಡೆಯುವ ವೇಗ ಸಾಕು ಎಂದರು. ತಾವೂ ದೋಣಿ ಹತ್ತಿದರು. ಅವರಿಗೂ ಈಜು ಬರುವುದಿಲ್ಲವೆಂದು ಕರಿಸಿದ್ದಪ್ಪನವರಿಗೆ ತಿಳಿದದ್ದು ನಡುನೀರಿನಲ್ಲಿ.

ದಾರಿಯುದ್ದಕ್ಕೂ ಕರಿಸಿದ್ದಪ್ಪ ಮುಂದೆ ನೋಡಲಿಲ್ಲ. ಇಂಜಿನ್ನಿನ ಹಿಡಿ ಒಂದು ಕೈಯಲ್ಲಿ, ಇನ್ನೊಂದು ಅಂಗೈ ಬೆನ್ನುಹಲಗೆಯ ಮೇಲೆ, ಜ್ವರ ನೋಡುವವರ ಹಾಗೆ. ಅದು ನಡುಗುತ್ತಿತ್ತು, ಬಾಗುತ್ತಿರಲಿಲ್ಲ. ದಿಕ್ಕು ಹೇಳಿದವರು ಉಗ್ರಪ್ಪ.

ಗುಡ್ಡದಲ್ಲಿ ಉಳಿದಿದ್ದದ್ದು ನೆತ್ತಿಯ ಬಂಡೆ ಮತ್ತು ಅದರ ಮೇಲೆ ಒತ್ತೊತ್ತಾಗಿ ನಿಂತ ಕುರಿಗಳು. ದೂರದಿಂದ ಬಂಡೆಯೇ ಉಸಿರಾಡಿದಂತೆ ಕಾಣುತ್ತಿತ್ತು. ಸಣ್ಣಪ್ಪ ಹಿರಿಯ ಟಗರನ್ನು ಎತ್ತಿ ದೋಣಿಯೊಳಗೆ ಇಳಿಸಿದರು. ಅದರ ಹಿಂದೆ ಉಳಿದವು ತಾವಾಗಿ ಹಾರಿದವು. ಕತ್ತಲಾಗುವ ತನಕ ಹೋಗಿ ಬಂದು, ಮರುದಿನ ಬೆಳಕು ಹರಿದ ಮೇಲೆ ಮತ್ತೆ ಶುರುಮಾಡಿದರು. ಕೊನೆಯ ಸರತಿಯಲ್ಲಿ ಸಣ್ಣಪ್ಪ ಕಂಬಳಿಯ ಗಂಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಚಳಿಗೆ ಸತ್ತ ಮರಿಗಳು. ಬಂಡೆಯ ಮೇಲೆ ಹೂಳಲು ಮಣ್ಣಿರಲಿಲ್ಲ. ಹುಣಸೆಮರದ ಆಚೆ ಹೂತರು. ಹುಲಿಗೆಮ್ಮ ಬಿಸಿನೀರು ಕಾಸಿ ಬಾವನ ಕಾಲಿಗೆ ಸುರಿದರು, ಮುದ್ದೆ ಬಡಿಸಿದರು. ಸಣ್ಣಪ್ಪ ಅರ್ಧ ಉಂಡು ಗೋಡೆಗೆ ಒರಗಿದವರು ಹಾಗೆಯೇ ನಿದ್ದೆಹೋದರು.

ಕೆಲವೇ ದಿನಗಳಲ್ಲಿ ಜಲಾಶಯ ಕೋಡಿ ಬಿತ್ತು. ಎಲ್ಲೆಲ್ಲಿಂದಲೋ ಜನ ಬಂದು ನೋಡಿ, ಬಾಗಿನ ಕೊಟ್ಟು, ಪಟ ತೆಗೆಸಿಕೊಂಡು ಹೋದರು. ಬೋರಪ್ಪನಹಟ್ಟಿಯ ಆ ಮನೆಯಿಂದ ಯಾರೂ ಹೋಗಲಿಲ್ಲ. ನೀರು ಸಾಕಷ್ಟು ನೋಡಿದ್ದೇವೆ ಎಂದರು.

ಸಣ್ಣಪ್ಪನವರಿಗೆ ಕೆಮ್ಮು ಹಿಡಿದು ಆ ಸಲ ಹಿರೇಗುಂಟನೂರಿಗೆ ಮಂದೆ ಹೊಡೆದುಕೊಂಡು ಹೋಗಲಾಗಲಿಲ್ಲ. ಹೀಗಾಗಿ ದೀಪಾವಳಿಗೆ ಅವರು ಮನೆಯಲ್ಲೇ ಇದ್ದರು. ಪಾಡ್ಯದ ಬೆಳಿಗ್ಗೆ ಹುಲಿಗೆಮ್ಮ ದೋಣಿ ತೊಳೆದು ಬೆನ್ನುಹಲಗೆಗೆ ಅರಿಸಿನ ಕುಂಕುಮ ಹಚ್ಚಿದರು. ಒಂದು ಕೈಯಲ್ಲಿ ಮೊಳೆ, ಇನ್ನೊಂದರಲ್ಲಿ ಸುತ್ತಿಗೆ. ಅಣ್ಣತಮ್ಮಂದಿರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಬೇಡ ಎನ್ನಲು ಕರಿಸಿದ್ದಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಹುಲಿಗೆಮ್ಮ ಮೊಳೆಯನ್ನು ಸೆರಗಿಗೆ ಸಿಕ್ಕಿಸಿ, ಸುತ್ತಿಗೆ ತಿರುಗಿಸಿ, ಹಿಡಿಯಿಂದ ಹಲಗೆಯ ನಡುವೆ ಒಮ್ಮೆ ಬಡಿದರು. ಟಣ್ ಎಂದಿತು. ತಳದ ಹತ್ತಿರ ಬಡಿದರು. ಅಲ್ಲೂ ಟಣ್. ಮೂಲೆಗಳನ್ನೂ ಬಿಡದೆ ಕೇಳಿಸಿಕೊಂಡು ಕೆಳಗಿಳಿದರು.

ಮೊಳೆಯನ್ನು ಮನೆಯ ಹಿಂದಿನ ರೊಪ್ಪದ ಬಾಗಿಲಿಗೆ ಒಯ್ದರು. ಅಲ್ಲಿರುವುದು ಹೊಂಗೆಯ ಕಂಬ. ಮೊಳೆ ಇಟ್ಟು ಒಂದು ಏಟು ಹಾಕಿದರು. ತಲೆಯ ತನಕ ಇಳಿಯಿತು.

ಹಿಂದೆಯೇ ಬಂದಿದ್ದ ಅಣ್ಣತಮ್ಮಂದಿರು ರೊಪ್ಪದ ಪಕ್ಕದ ಕಲ್ಲಿನ ಮೇಲೆ ಕುಳಿತರು.

"ಹಬ್ಬ ಐತೆ ಇವತ್ತು," ಎಂದರು ಕರಿಸಿದ್ದಪ್ಪ. "ನಾಳೆ ನೋಡಾಣ."

"ನಾಳೆ ನೋಡಾಣ ಅಂದಿದ್ದಕ್ಕೇ ಬಂಡೆ ಮ್ಯಾಲೆ ಕುಂತಿದ್ದೆ ನಾನು," ಎಂದು ಸಣ್ಣಪ್ಪ ಕೆಮ್ಮಿದರು.

ಕರಿಸಿದ್ದಪ್ಪ ಮೊಣಕಾಲಿಗೆ ಕೈಯೂರಿ ಎದ್ದು, ಹೊಸ ಪಂಚೆಯನ್ನು ಮೇಲೆತ್ತಿ ಕಟ್ಟಿ, ಹಾರೆ ಎಲ್ಲಿಟ್ಟಿದ್ದೇನೆಂದು ಹುಡುಕಲು ಮನೆಯೊಳಗೆ ಹೋದರು.